ರಾಯಚೂರು ಸೀಮೆಯ ಪುರಾತತ್ವ ಛಾಯಾಚಿತ್ರಗಳು

ಕೃಷ್ಣಾ–ತುಂಗಭದ್ರಾ ನಡುವಣ ನೆಲದ ಪ್ರಾಚೀನ ನೆಲೆಗಳು, ಶಾಸನಗಳು ಮತ್ತು ಕೋಟೆಗಳ ಚಿತ್ರದಾಖಲೆ. ಇಲ್ಲಿ ಇಂಥ ಕೆಲಸಕ್ಕೆ ಸಾಂಸ್ಥಿಕ ನೆಲೆ ಒದಗಿದ್ದು 1914ರಲ್ಲಿ, ಗುಲಾಂ ಯಾಜ್ದಾನಿ ಅವರ ನೇತೃತ್ವದಲ್ಲಿ, ಈ ಸೀಮೆ ಆಗ ಸೇರಿದ್ದ ಹೈದರಾಬಾದ್ ಸಂಸ್ಥಾನದ ಪುರಾತತ್ವ ಇಲಾಖೆ ಆರಂಭವಾದಾಗ. ಮರುವರ್ಷವೇ ಗಣಿ ಎಂಜಿನಿಯರ್ ಸಿ. ಬೀಡನ್ ಮಸ್ಕಿಯ ಅಶೋಕ ಶಾಸನವನ್ನು ಪತ್ತೆಹಚ್ಚಿದರು. ಎಚ್. ಕೃಷ್ಣಶಾಸ್ತ್ರಿ ಸಂಪಾದಿಸಿದ ಆ ಶಾಸನ ಇಲಾಖೆಯ ಗ್ರಂಥಮಾಲೆಯ ಮೊದಲ ಪುಸ್ತಕವಾಯಿತು. ದೊರೆಯ ಬಿರುದಿನ ಜೊತೆಗೆ ‘ಅಶೋಕ’ ಎಂಬ ಹೆಸರನ್ನೂ ಹೇಳುವ ಈ ಬಂಡೆಯ ಪ್ರತಿಕೃತಿ ವಿದ್ವಾಂಸರ ಕೈಸೇರಿದ್ದು ಭಾರತದ ಇತಿಹಾಸಕ್ಕೇ ದೊಡ್ಡ ಲಾಭ.

ಕ್ಯಾಮೆರಾಕ್ಕೆ ನಿಜವಾದ ಸವಾಲು ರಾಯಚೂರು ಕೋಟೆಯ 1294ರ ಶಾಸನ. ಕಾಕತೀಯರ ಅಧಿಕಾರಿ ಗೋರೆ ಗಂಗಯ್ಯ ರೆಡ್ಡಿಯ ಹೆಸರು ಹೊತ್ತ ಈ ಒಂಟಿ ಕಲ್ಲು ಸುಮಾರು 41 ಅಡಿ ಉದ್ದವಿದೆ. ಹತ್ತಿರ ನಿಂತರೆ ಇಡೀ ಕಲ್ಲು ಚೌಕಟ್ಟಿನಲ್ಲಿ ಹಿಡಿಸದು, ದೂರ ಸರಿದರೆ ಅಕ್ಷರ ಮಸುಕು. ಅದು ಇರುವ ಕೋಟೆಗೋಡೆಯಲ್ಲಿಯೇ, ಆ ಕಲ್ಲನ್ನು ಬಂಡಿಗೆ ಏರಿಸಿ ಕೋಣಗಳಿಂದ ಎಳೆಸಿ ತಂದ ದೃಶ್ಯವನ್ನು ಗೆರೆಗಳಲ್ಲಿ ಕೊರೆಯಲಾಗಿದೆ. ನೆತ್ತಿಯ ಬಿಸಿಲಿನಲ್ಲಿ ಈ ಗೆರೆಗಳು ಕಣ್ಣಿಗೆ ಬೀಳುವುದೇ ಕಷ್ಟ. ಪಕ್ಕದಿಂದ ಓರೆಯಾಗಿ ಬೀಳುವ ಬೆಳಕಿನಲ್ಲಿ ಎದ್ದು ಕಾಣುತ್ತವೆ.

ಮಾನ್ವಿ ಕಡೆಯ ಕಲ್ಲೂರಿನ ಕವಲುಹಿಡಿಯ ತಾಮ್ರದ ಕತ್ತಿಗಳು, ಎಫ್. ಆರ್. ಆಲ್ಚಿನ್ 1952ರಲ್ಲಿ ಉತ್ಖನನ ನಡೆಸಿದ ಪಿಕ್ಲಿಹಾಳದ ಬಂಡೆಚಿತ್ರಗಳು ಇತರ ಮುಖ್ಯ ವಸ್ತುಗಳು. ದೇವದುರ್ಗ ತಾಲ್ಲೂಕಿನ ಗಬ್ಬೂರಿನ ಗುಡಿಗಳಿಗೂ ಶಾಸನಗಳಿಗೂ ಇಷ್ಟೇ ಶ್ರದ್ಧೆಯ ಚಿತ್ರದಾಖಲೆ ಸಲ್ಲಬೇಕು.