ಬಾಗಿದ ಬೆನ್ನು ನೇರವಾದ ಕಥೆ

ಹತ್ತು ವರ್ಷ ದಾಟಿದ ಮಕ್ಕಳಲ್ಲಿ, ಮೈ ಸರಸರನೆ ಬೆಳೆಯುವ ಕಾಲದಲ್ಲಿ, ಕೆಲವರ ಬೆನ್ನುಮೂಳೆ ಒಂದು ಬದಿಗೆ ಬಾಗಿ ತಿರುಚಿಕೊಳ್ಳುತ್ತದೆ. ಒಂದು ಭುಜ ಮೇಲಾದರೆ ಇನ್ನೊಂದು ಕೆಳಗಾಗುತ್ತದೆ. ಇದುವೇ ಸ್ಕೋಲಿಯೋಸಿಸ್. ತೀವ್ರವಾದ ಬಾಗು ಹೆಚ್ಚಾಗಿ ಹೆಣ್ಣುಮಕ್ಕಳಲ್ಲೇ ಕಾಣುತ್ತದೆ. ಬಹುಪಾಲು ಮಕ್ಕಳಲ್ಲಿ ಇದಕ್ಕೆ ಕಾರಣ ಗೊತ್ತಾಗಿಲ್ಲ. ಸರಿಯಾಗಿ ಕೂರಲಿಲ್ಲ, ಭಾರದ ಚೀಲ ಹೊತ್ತಳು ಎಂದು ಮಗುವನ್ನು ದೂರುವುದು ಅನ್ಯಾಯ.

ಬಾಗಿದ ಬೆನ್ನನ್ನು ನೇರಗೊಳಿಸುವ ಪ್ರಯತ್ನ ಬಹಳ ಹಳೆಯದು. ಗ್ರೀಸಿನ ಹಿಪ್ಪೊಕ್ರಾಟಿಸರ ಕಾಲದಲ್ಲಿ ರೋಗಿಯನ್ನು ಹಲಗೆಗೆ ಕಟ್ಟಿ ಎಳೆಯುತ್ತಿದ್ದರು. ಸ್ಪೇನಿನ ಕುರ್ತುಬಾದಲ್ಲಿ ಬಾಳಿದ ಅಲ್ ಝಹ್ರಾವಿ ಕೂಡ ಬೆನ್ನೆಲುಬು ಜಾರಿದಾಗ ಹೀಗೆ ಎಳೆದು ಸರಿಪಡಿಸುವ ಕ್ರಮವನ್ನು ತಮ್ಮ ‘ಅತ್ತಸ್ರೀಫ್’ ಗ್ರಂಥದಲ್ಲಿ ದಾಖಲಿಸಿದರು. 16ನೆಯ ಶತಮಾನದಲ್ಲಿ ಫ್ರಾನ್ಸಿನ ಆಂಬ್ರಾಸ್ ಪಾರೆ ಕಬ್ಬಿಣದ ಕವಚ ತೊಡಿಸಿದರು. ಆದರೆ ಎಳೆದಾಗ ನೇರವಾದದ್ದು ಬಿಟ್ಟಾಗ ಮತ್ತೆ ಬಾಗುತ್ತಿತ್ತು.

1911ರಲ್ಲಿ ನ್ಯೂಯಾರ್ಕಿನ ರಸೆಲ್ ಹಿಬ್ಸ್, ಕ್ಷಯ ತಗಲಿದ ಬೆನ್ನೆಲುಬುಗಳನ್ನು ಒಂದಕ್ಕೊಂದು ಬೆಸೆಯುವ ಶಸ್ತ್ರಚಿಕಿತ್ಸೆಯನ್ನು ಪ್ರಕಟಿಸಿದರು. ಕೆಲವೇ ವರ್ಷಗಳಲ್ಲಿ ಅದು ಸ್ಕೋಲಿಯೋಸಿಸ್‌ಗೂ ಬಂತು. ಆದರೆ ಮಕ್ಕಳು ತಿಂಗಳುಗಟ್ಟಲೆ ಪ್ಲಾಸ್ಟರಿನಲ್ಲಿ ಮಲಗಿರಬೇಕಿತ್ತು. ಎರಡನೇ ಮಹಾಯುದ್ಧದ ನಂತರ ಅಮೆರಿಕದಲ್ಲಿ ಪೋಲಿಯೋ ಹರಡಿ ಅನೇಕ ಮಕ್ಕಳ ಬೆನ್ನು ಬಾಗಿತು. ಅವರಿಗೆ ಚಿಕಿತ್ಸೆ ನೀಡುತ್ತಿದ್ದ ಹ್ಯೂಸ್ಟನ್ನಿನ ಪೌಲ್ ಹ್ಯಾರಿಂಗ್ಟನ್, ಕೊಕ್ಕೆಗಳಿರುವ ಉಕ್ಕಿನ ಸರಳನ್ನು ಬೆನ್ನಿನೊಳಗೇ ಅಳವಡಿಸಿದರು. ಅವರ ಪ್ರಸಿದ್ಧ ವರದಿ 1962ರಲ್ಲಿ ಪ್ರಕಟವಾಯಿತು.

ಸರಳು ಬಂದಾಗ ಹೊಸ ಭಯವೂ ಬಂತು. ಮೂಳೆಯನ್ನು ಹಿಗ್ಗಿಸುವಾಗ ಒಳಗಿನ ಬೆನ್ನುಹುರಿಗೆ ಪೆಟ್ಟಾದರೆ ಕಾಲುಗಳು ಸೋಲಬಹುದು. ಅರಿವಳಿಕೆಯಲ್ಲಿರುವ ಮಗು ಅದನ್ನು ಹೇಳುವುದಾದರೂ ಹೇಗೆ? 1973ರಲ್ಲಿ ಫ್ರಾನ್ಸಿನ ಸ್ಟಾಗ್ನಾರಾ ಮತ್ತು ಸಂಗಡಿಗರು ಸರಳ ಉತ್ತರವನ್ನು ಪ್ರಕಟಿಸಿದರು: ಶಸ್ತ್ರಚಿಕಿತ್ಸೆಯ ನಡುವೆಯೇ ಮಗುವನ್ನು ಸ್ವಲ್ಪ ಎಚ್ಚರಗೊಳಿಸುವುದು. ಮೊದಲು ಕೈ ಆಡಿಸಲು ಹೇಳುತ್ತಾರೆ. ಕೈ ಆಡಿದರೆ ಮಾತು ಕೇಳಿಸಿದೆ ಎಂದರ್ಥ. ಆಮೇಲೆ ಕಾಲು. ಕೈ ಆಡಿಯೂ ಕಾಲು ಆಡದಿದ್ದರೆ ತಕ್ಷಣ ಸರಳಿನ ಬಿಗಿಯನ್ನು ಸಡಿಲಿಸುತ್ತಾರೆ.

ಇದು ಫಲಿಸಬೇಕಾದರೆ ಮಗುವಿಗೆ ಎಲ್ಲವನ್ನೂ ಮೊದಲೇ ವಿವರಿಸಿ ಅಭ್ಯಾಸ ಮಾಡಿಸಬೇಕಿತ್ತು. ಹೀಗೆ ಮಲಗಿದ್ದ ರೋಗಿಯೇ ಶಸ್ತ್ರವೈದ್ಯರ ಜೊತೆಗಾರಳಾದಳು.

ಇಂದು ನರಗಳ ವಿದ್ಯುತ್ ಸಂಕೇತಗಳನ್ನು ಯಂತ್ರಗಳೇ ಗಮನಿಸುತ್ತವೆ. ಅವು ಸಂಶಯ ತೋರಿದಾಗ ಆ ಹಳೆಯ ಪರೀಕ್ಷೆಯನ್ನು ಮಾಡುವುದುಂಟು. ಆದ್ದರಿಂದ ಶಸ್ತ್ರಚಿಕಿತ್ಸೆಗೆ ಸಿದ್ಧಳಾಗುತ್ತಿರುವ ಹುಡುಗಿಯಿಂದ ವಿಷಯ ಮುಚ್ಚಿಡುವುದು ಕರುಣೆಯಲ್ಲ. ಅವಳ ಪ್ರಶ್ನೆಗಳಿಗೆ ಉತ್ತರಿಸುವುದೂ ಚಿಕಿತ್ಸೆಯ ಭಾಗವೇ.