ಗಡ್ಡೆಗೊಂದು ಸ್ವಂತ ಜಾಲ: ಹಂಚಿಕೆಯ ತರಂಗಾಂತರ ಮತ್ತು ವಿರೂಪಾಪುರಗಡ್ಡೆ

2019ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟಿನಿಂದ ಹೊರಬಿಟ್ಟ ನೀರು ಗಂಗಾವತಿ ತಾಲ್ಲೂಕಿನ ವಿರೂಪಾಪುರಗಡ್ಡೆ ಎಂಬ ನಡುಗಡ್ಡೆಯನ್ನು ಸುತ್ತುವರಿಯಿತು. ಅಲ್ಲಿ ಸಿಕ್ಕಿಬಿದ್ದ ಪ್ರವಾಸಿಗರನ್ನು ದೋಣಿ, ಹೆಲಿಕಾಪ್ಟರ್‌ಗಳಲ್ಲಿ ಹೊರತರಬೇಕಾಯಿತು. 2024ರ ಆಗಸ್ಟ್ 10ರ ರಾತ್ರಿ ಅದೇ ಅಣೆಕಟ್ಟಿನ 33 ಕ್ರಸ್ಟ್‌ಗೇಟ್‌ಗಳಲ್ಲಿ 19ನೆಯದರ ಸರಪಳಿ ತುಂಡಾಯಿತು. ಇಂಥ ಹೊತ್ತಿನಲ್ಲಿ ಅಣೆಕಟ್ಟಿನವರು, ಕಂದಾಯ ಸಿಬ್ಬಂದಿ, ಹರಿಗೋಲಿನವರು, ಹಂಪಿ ಪರಂಪರೆ ತಾಣದ ಕಾವಲುಗಾರರು ಯಾವ ಜಾಲದ ಮೇಲೆ ಮಾತನಾಡಬೇಕು? ಒಂದು ಸಂಸ್ಥೆ ಇಲ್ಲಿ ತನ್ನದೇ ಮೊಬೈಲ್ ಜಾಲ ಕಟ್ಟಬಹುದೇ, ಅದಕ್ಕೆ ತರಂಗಾಂತರ ಎಲ್ಲಿಂದ ಬರಬೇಕು ಎಂಬುದು ಈ ಲೇಖನದ ಪ್ರಶ್ನೆ.

ಖಾಸಗಿ ಮೊಬೈಲ್ ಜಾಲಕ್ಕೆ ಬೇಕಾದ ಸಾಮಗ್ರಿ ಹೆಚ್ಚೇನಲ್ಲ: ಕೆಲವು ಸಣ್ಣ ರೇಡಿಯೊ ಪೆಟ್ಟಿಗೆಗಳು, ಚಂದಾದಾರರನ್ನು ಗುರುತಿಸಿ ಸಂಪರ್ಕ ಕೂಡಿಸುವ ಒಂದು ಕಂಪ್ಯೂಟರ್, ಸಂಸ್ಥೆಯೇ ಹಂಚುವ ಸಿಮ್‌ಗಳು. ಇಂಥ ಒಳಬಳಕೆಯ ಜಾಲಗಳಿಗಾಗಿ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು 999 ಎಂಬ ಸಂಕೇತವನ್ನೇ ತೆಗೆದಿಟ್ಟಿದೆ. ವೈಫೈಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಗಡ್ಡೆಯ ಸುತ್ತಲಿನ ಭತ್ತದ ರೈತರಿಗೆ ತಿಳಿಸುವುದು ಸುಲಭ. ವೈಫೈಯಲ್ಲಿ ಪ್ರತಿ ಸಾಧನವೂ ಕಾಲುವೆ ಖಾಲಿಯಿದೆಯೇ ಎಂದು ನೋಡಿ ತಾನೇ ತೂಬು ತೆರೆಯುತ್ತದೆ. ಇಬ್ಬರು ಒಟ್ಟಿಗೆ ತೆರೆದರೆ ಇಬ್ಬರಿಗೂ ಇಲ್ಲ. ಮೊಬೈಲ್ ಜಾಲದಲ್ಲಿ ಯಾರ ಸರದಿ ಎಂಬುದನ್ನು ಕೇಂದ್ರವೇ ಗೊತ್ತುಮಾಡುತ್ತದೆ. 4ಜಿಯಲ್ಲಿ ಒಂದೊಂದು ಮಿಲಿಸೆಕೆಂಡಿಗೂ ಪಾಳಿ ಬದಲಾಗುತ್ತದೆ. ಆದರೆ ನೀರಿನ ಹೋಲಿಕೆ ಇಲ್ಲಿಗೇ ನಿಲ್ಲಬೇಕು. ಇಂದು ಬಳಸದ ನೀರನ್ನು ಕೆರೆಯಲ್ಲಿ ಹಿಡಿದಿಡಬಹುದು. ಈ ಕ್ಷಣ ಬಳಸದ ತರಂಗಾಂತರ ಮಾತ್ರ ಯಾರಿಗೂ ಸಿಗದೆ ಹೋಗುತ್ತದೆ. ದೇಶವ್ಯಾಪಿ ಹಕ್ಕನ್ನು ಹರಾಜಿನಲ್ಲಿ ಕೊಂಡವರು ಒಂದು ಊರಿನಲ್ಲಿ ಅದನ್ನು ಬಳಸದಿದ್ದರೆ, ಆ ಊರಿನ ಮಟ್ಟಿಗೆ ಆ ಸಂಪತ್ತು ಇಲ್ಲವೇ ಇಲ್ಲ.

ಈ ಪೋಲನ್ನು ತಡೆಯಲು ಅಮೆರಿಕ 2015ರಲ್ಲಿ ರೂಪಿಸಿದ ನಿಯಮ ವಿವರವಾಗಿ ನೋಡತಕ್ಕದ್ದು. 3550ರಿಂದ 3700 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯಲ್ಲಿ ನೌಕಾಪಡೆಯ ರಾಡಾರ್ ಮೊದಲಿನ ಹಕ್ಕುದಾರ. ಹರಾಜಿನಲ್ಲಿ ಆದ್ಯತೆ ಪಡೆದವರು ಎರಡನೆಯವರು. ಉಳಿದ ಜಾಗದಲ್ಲಿ ಶಾಲೆ, ಬಂದರು, ಕಾರ್ಖಾನೆ ಯಾರು ಬೇಕಾದರೂ ಹರಾಜಿಲ್ಲದೆ ಬರಬಹುದು. ಪ್ರತಿ ರೇಡಿಯೊ ಪೆಟ್ಟಿಗೆಯೂ ತಾನಿರುವ ಸ್ಥಳವನ್ನು ಒಂದು ಗಣಕ ವ್ಯವಸ್ಥೆಗೆ ತಿಳಿಸಿ ಅನುಮತಿ ಪಡೆಯಬೇಕು. ಕರಾವಳಿಯ ಸಂವೇದಕಗಳು ರಾಡಾರ್ ಪತ್ತೆಹಚ್ಚಿ ತಿಳಿಸಿದ 300 ಸೆಕೆಂಡುಗಳೊಳಗೆ ಅಡ್ಡಬರುವ ಪೆಟ್ಟಿಗೆಗಳನ್ನು ಆ ವ್ಯವಸ್ಥೆ ನಿಲ್ಲಿಸಬೇಕು ಇಲ್ಲವೇ ಬೇರೆ ತರಂಗಾಂತರಕ್ಕೆ ಸರಿಸಬೇಕು. ಜರ್ಮನಿ ಮತ್ತು ಬ್ರಿಟನ್ 2019ರಲ್ಲಿ ಇದಕ್ಕಿಂತ ಸರಳವಾದ, ಸ್ಥಳಕ್ಕೆ ಸೀಮಿತವಾದ ಪರವಾನಗಿಯ ದಾರಿ ಹಿಡಿದವು.

ಭಾರತದ ದೂರಸಂಪರ್ಕ ಇಲಾಖೆ 2022ರ ಜೂನ್‌ನಲ್ಲಿ ಸ್ವಬಳಕೆಯ ಜಾಲಗಳಿಗೆ ಮಾರ್ಗಸೂಚಿ ಹೊರಡಿಸಿತು. ಕಾಗದದ ಮೇಲೆ ದಾರಿಗಳು ನಾಲ್ಕು: ಮೊಬೈಲ್ ಕಂಪನಿಯ ಜಾಲದಲ್ಲೇ ಒಂದು ಪಾಲು, ಕಂಪನಿಯೇ ಆವರಣದೊಳಗೆ ಕಟ್ಟಿಕೊಡುವ ಪ್ರತ್ಯೇಕ ಜಾಲ, ಕಂಪನಿಯಿಂದ ತರಂಗಾಂತರದ ಗುತ್ತಿಗೆ, ಕೊನೆಯದಾಗಿ ಇಲಾಖೆಯಿಂದ ನೇರ ಹಂಚಿಕೆ. ಅದೇ ವರ್ಷದ ಜುಲೈನಲ್ಲಿ ಏರ್‌ಟೆಲ್ ಬೆಂಗಳೂರಿನ ಬಾಷ್ ಕಾರ್ಖಾನೆಯಲ್ಲಿ ಪ್ರಾಯೋಗಿಕ ತರಂಗಾಂತರದ ಮೇಲೆ 5ಜಿ ಖಾಸಗಿ ಜಾಲ ನಡೆಸಿ ತೋರಿಸಿತು. ನೇರ ಹಂಚಿಕೆಯಾದರೋ ಬೇಡಿಕೆಯ ಅಧ್ಯಯನಕ್ಕೆ ಮುಂದೂಡಲ್ಪಟ್ಟಿತು. ಆ ಅಧ್ಯಯನಕ್ಕೂ ಕರೆ ಹೋದದ್ದು 100 ಕೋಟಿ ರೂಪಾಯಿಗೂ ಮೀರಿದ ನಿವ್ವಳ ಮೌಲ್ಯದ ಉದ್ಯಮಗಳಿಗೆ. ಹತ್ತಿರದ ಗಿಣಿಗೇರಿ, ಬೇವಿನಹಳ್ಳಿಗಳ ದೊಡ್ಡ ಕಬ್ಬಿಣ, ಉಕ್ಕಿನ ಕಾರ್ಖಾನೆಗಳಿಗೆ ಈ ಮೆಟ್ಟಿಲು ಎತ್ತರವೆನಿಸಲಾರದು. ನಿವ್ವಳ ಮೌಲ್ಯವೆಂಬ ಅಳತೆಗೇ ಸಿಗದ ಗ್ರಾಮ ಪಂಚಾಯ್ತಿಗೆ, ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರಕ್ಕೆ, ನೀರು ಬಳಕೆದಾರರ ಸಂಘಕ್ಕೆ ಅಲ್ಲಿ ಜಾಗವಿಲ್ಲ. ನನ್ನ ಆಕ್ಷೇಪ ಇಲ್ಲಿದೆ. ಗೋಡೆಯೂ ಹಣವೂ ಇರುವ ಅರ್ಜಿದಾರನನ್ನು ಕಣ್ಣಮುಂದಿಟ್ಟುಕೊಂಡು ಈ ನಿಯಮ ಹುಟ್ಟಿದೆ. ಗಡ್ಡೆಗೆ ಗೋಡೆಯಿಲ್ಲ, ಇರುವುದು ನದಿ.

ಈ ನೆಲದ ಸ್ವಭಾವವೂ ಸಣ್ಣ ಪೆಟ್ಟಿಗೆಗಳ ಜಾಲವನ್ನೇ ಬೇಡುತ್ತದೆ. ಒಂದೇ ದೂರದಲ್ಲಿ, ಒಂದೇ ಬಗೆಯ ದಿಕ್ಕಿಲ್ಲದ ಆಂಟೆನಾಗಳ ನಡುವೆ, 700 ಮೆಗಾಹರ್ಟ್ಸ್‌ಗಿಂತ 3500 ಮೆಗಾಹರ್ಟ್ಸ್ ಸಂಕೇತ 25 ಪಟ್ಟು ಕ್ಷೀಣವಾಗಿ ತಲುಪುತ್ತದೆ. ಹಾಸುಬಂಡೆಯ ಗುಡ್ಡ ಅಡ್ಡವಾದರೆ ಅದೂ ಇಲ್ಲ. ಎತ್ತರದ ಗೋಪುರ ನಿಲ್ಲಿಸೋಣವೆಂದರೆ ಇದು ಹಂಪಿಯ ಪರಂಪರೆ ಪ್ರದೇಶ. ಸೇತುವೆ ಕಾಮಗಾರಿಯ ಕಾರಣಕ್ಕೆ 1999ರಲ್ಲಿ ಹಂಪಿ ಅಪಾಯದಲ್ಲಿರುವ ತಾಣಗಳ ಪಟ್ಟಿ ಸೇರಿದ್ದನ್ನು ಇಲ್ಲಿ ಯಾರೂ ಮರೆಯುವಂತಿಲ್ಲ. ಗಡ್ಡೆಯ ರೆಸಾರ್ಟ್‌ಗಳೂ ಸುಪ್ರೀಂ ಕೋರ್ಟ್ ತೀರ್ಪಿನ ನಂತರ 2020ರಲ್ಲಿ ತೆರವಾದವು. ಇರುವ ಕಟ್ಟಡಗಳ ಮೇಲೆಯೇ ಕೂರುವ, ಕಡಿಮೆ ಶಕ್ತಿಯ ಪೆಟ್ಟಿಗೆಗಳಷ್ಟೇ ಇಲ್ಲಿಗೆ ಹೊಂದುತ್ತವೆ. ಹಂಚಿಕೆಗೂ ಅವೇ ಅನುಕೂಲ: ಸಂಕೇತ ದೂರ ಹೋಗದಿದ್ದರೆ ನೆರೆಯವರಿಗೆ ತೊಂದರೆ ಕಡಿಮೆ.

ಹಾಗೆಂದು ಅಮೆರಿಕದ ಮಾದರಿಯನ್ನು ಇದ್ದಂತೆಯೇ ತರಲಾಗದು. ಖಾಸಗಿ ಜಾಲಗಳಿಗೆ ಪರಿಶೀಲಿಸಬಹುದೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 2022ರಲ್ಲಿ ಸೂಚಿಸಿದ ಪಟ್ಟಿಗಳಲ್ಲಿ 3700–3800 ಮೆಗಾಹರ್ಟ್ಸ್ ಒಂದು. ಉಪಗ್ರಹದಿಂದ ಟಿವಿ ವಾಹಿನಿಗಳು ಇಳಿಯುವುದೂ ಈ ಪಟ್ಟಿ ಸೇರಿರುವ ಸಿ ಬ್ಯಾಂಡಿನಲ್ಲೇ. ರಾಡಾರ್ ಸದ್ದು ಮಾಡುತ್ತದೆ, ಸಂವೇದಕ ಅದನ್ನು ಕೇಳಿಸಿಕೊಳ್ಳಬಲ್ಲದು. ಕೇಬಲ್ ನಡೆಸುವವರ ಛಾವಣಿಯ ದೊಡ್ಡ ಡಿಶ್ ಕೇವಲ ಆಲಿಸುತ್ತದೆ. ಅದು ಅಲ್ಲಿದೆ ಎಂದು ಯಾವ ಸಂವೇದಕಕ್ಕೂ ಗೊತ್ತಾಗದು. ಆದ್ದರಿಂದ ನಮಗೆ ಮೊದಲು ಬೇಕಾದದ್ದು ಸಂವೇದಕವಲ್ಲ, ಡಿಶ್‌ಗಳ ನೋಂದಣಿ ಪುಸ್ತಕ. ತಾಲ್ಲೂಕಿನ ಮಟ್ಟದಲ್ಲಿ ಇದು ಆಗದ ಕೆಲಸವಲ್ಲ.

ಇನ್ನೊಂದು ತೊಡಕು ಇದಕ್ಕಿಂತ ಗಂಭೀರ. 2022ರ ಮಾರ್ಗಸೂಚಿಯಂತೆ ಸ್ವಬಳಕೆಯ ಜಾಲವನ್ನು ಸಾರ್ವಜನಿಕ ಜಾಲಕ್ಕೆ ಜೋಡಿಸುವಂತಿಲ್ಲ. ಅಂದರೆ ಪ್ರವಾಹದ ದಿನ ಸಿಬ್ಬಂದಿ ತಮ್ಮತಮ್ಮಲ್ಲಿ ಮಾತನಾಡಬಹುದು, ಗಡ್ಡೆಯಲ್ಲಿ ಸಿಕ್ಕಿಕೊಂಡವರ ಫೋನಿಗೆ ಆ ಜಾಲ ಇದ್ದೂ ಇಲ್ಲದಂತೆ. ಕಾರ್ಖಾನೆಗೆ ಸರಿಹೊಂದುವ ಈ ನಿರ್ಬಂಧವನ್ನು ವಿಪತ್ತಿನ ಹೊತ್ತಿಗಾದರೂ ಸಡಿಲಿಸಲೇಬೇಕು. ಅಲ್ಲಿಯವರೆಗೆ ಜನರಿಗೆ ಪರವಾನಗಿ ಬೇಡದ ವೈಫೈ, ಸಿಬ್ಬಂದಿಗೆ ಖಾಸಗಿ ಜಾಲ ಎಂದು ಎರಡನ್ನೂ ಒಟ್ಟಿಗೆ ಇಡುವುದೊಂದೇ ದಾರಿ. ತುಮಕೂರು ಜಿಲ್ಲೆಯ ದೇವರಾಯನದುರ್ಗದ ಸುತ್ತ ಜನಸ್ತು ಸಂಸ್ಥೆ ಸಮುದಾಯದ ಒಡೆತನದ ವೈಫೈ ಮೆಶ್ ಕಟ್ಟಿದೆ. ಇಂಥ ಜಾಲವನ್ನು ಹಳ್ಳಿಯವರು ಜೊತೆಗೂಡಿ ನಡೆಸಬಹುದೆಂಬುದಕ್ಕೆ ನಮ್ಮ ರಾಜ್ಯದಲ್ಲೇ ಇರುವ ಸಾಕ್ಷ್ಯ ಅದು.

ಯಾವ ಅರ್ಜಿಗೂ ಮುನ್ನ ಅಳತೆ ನಡೆಯಬೇಕು. ನೀರಿನ ಮೈಮೇಲೆ ಹಾಯುವ ಸಂಕೇತ ನೇರವಾಗಿಯೂ ನೀರಿಗೆ ತಾಗಿ ಪ್ರತಿಫಲಿಸಿಯೂ ಬರುತ್ತದೆ. ಎರಡೂ ಕೂಡಿದರೆ ಬಲ, ಒಂದನ್ನೊಂದು ಅಳಿಸಿದರೆ ಮೌನ. ಹೊಳೆ ಏರಿದಂತೆ ಈ ಲೆಕ್ಕ ಬದಲಾಗುತ್ತದೆ. ಬೇಸಿಗೆಯಲ್ಲಿ ಬಂಡೆಗಳು ಎದ್ದುಕಾಣುವಾಗ ಒಮ್ಮೆ, ಆಗಸ್ಟ್‌ನಲ್ಲಿ ಹರಿಗೋಲು ನಿಂತ ಮೇಲೆ ಇನ್ನೊಮ್ಮೆ, ಅದೇ ಎರಡು ದಂಡೆಗಳ ನಡುವೆ, ಅದೇ ಆಂಟೆನಾ ಇಟ್ಟು ಅಳೆಯಬೇಕು.