ತೊಳೆದ ಕಾರಿನಿಂದ ತೊಟ್ಟಿಕ್ಕುವ ನೀರು

ಬಂಟ್ವಾಳ ಕ್ರಾಸ್ ರೋಡ್ ಎಂಬ ಹೆಸರು ಸವೆದು ಬಿ.ಸಿ.ರೋಡ್ ಆಗಿರುವ ಊರು ಮಂಗಳೂರು-ಬೆಂಗಳೂರು ಹೆದ್ದಾರಿಯ ಮೇಲಿದೆ. ಬೇಸಿಗೆಯಲ್ಲಿ ಇಲ್ಲಿ ಮುರಕಲ್ಲಿನ ಕೆಂಪು ದೂಳು, ಮಳೆಗಾಲದಲ್ಲಿ ಅದೇ ಬಣ್ಣದ ಕೆಸರು. ಹಾಗಾಗಿ ಕಾರು ತೊಳೆಯುವ ಕೆಲಸಕ್ಕೆ ವರ್ಷವಿಡೀ ಬಿಡುವಿಲ್ಲ. ತೊಳೆದ ಕಾರನ್ನು ಬಟ್ಟೆಯಿಂದ ಚೆನ್ನಾಗಿ ಒರೆಸಿ ನಿಲ್ಲಿಸಿದರೂ ಸ್ವಲ್ಪ ಹೊತ್ತಿನಲ್ಲೇ ಪಕ್ಕದ ಕನ್ನಡಿಯ ಕೆಳಗಿನಿಂದ, ಬಾಗಿಲ ಹಿಡಿಯ ಸಂದಿನಿಂದ, ಹಿಂದಿನ ದೀಪದ ಅಂಚಿನಿಂದ ನೀರು ಜಿನುಗಿ ಗೆರೆ ಎಳೆಯುವುದನ್ನು ನೀವು ಗಮನಿಸಿರಬಹುದು. ಒರೆಸುವಾಗ ಅಡಗಿ ಕುಳಿತಿದ್ದ ಈ ನೀರು ಎಲ್ಲಿತ್ತು? ತನ್ನ ತೂಕದಿಂದಲೇ ಮೊದಲೇ ಏಕೆ ಬೀಳಲಿಲ್ಲ? ಈ ಪ್ರಶ್ನೆಗಳ ಹಿಂದೆ ಮುನ್ನೂರು ವರ್ಷಗಳ ಚರಿತ್ರೆಯಿದೆ.

ಇದು ಆರಂಭವಾಗುವುದು ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ. ನ್ಯೂಟನ್ ಅಧ್ಯಕ್ಷರಾಗಿದ್ದ ಕಾಲದಲ್ಲಿ ಅಲ್ಲಿ ಪ್ರಯೋಗಗಳನ್ನು ಮಾಡಿ ತೋರಿಸುತ್ತಿದ್ದವರು ಫ್ರಾನ್ಸಿಸ್ ಹಾಕ್ಸ್‌ಬೀ. ಸಣ್ಣ ಗಾಜಿನ ನಳಿಕೆಗಳಲ್ಲಿ ನೀರು ತಾನಾಗಿ ಮೇಲೇರುವುದಕ್ಕೆ ಗಾಳಿಯ ಒತ್ತಡ ಕಾರಣವೆಂದು ಅಂದಿನ ಹಲವರು ನಂಬಿದ್ದರು. 1706ರ ಸುಮಾರಿಗೆ ಹಾಕ್ಸ್‌ಬೀ ಇದೇ ಪ್ರಯೋಗವನ್ನು ಗಾಳಿ ತೆಗೆದ ಪಾತ್ರೆಯೊಳಗೆ ಮಾಡಿದರು. ನೀರು ಅಲ್ಲಿಯೂ ಏರಿತು. ನಳಿಕೆಯ ಗಾಜು ದಪ್ಪವಿರಲಿ, ತೆಳುವಿರಲಿ, ಒಳಗಿನ ಅಗಲ ಒಂದೇ ಆಗಿದ್ದರೆ ಏರುವ ಎತ್ತರವೂ ಒಂದೇ. ಅಂದರೆ ನೀರನ್ನು ಹಿಡಿದಿಡುವುದು ಗಾಜಿನ ಒಳಮೈ ಮಾತ್ರ. ಸರಳ ಪ್ರಯೋಗ, ಆದರೆ ತೀರ್ಮಾನ ಎಷ್ಟು ಖಚಿತ!

1712ರಲ್ಲಿ ಬ್ರೂಕ್ ಟೇಲರ್ ನಳಿಕೆಯ ಬದಲು ಎರಡು ಗಾಜಿನ ಹಲಗೆಗಳನ್ನು ಬಳಸಿದರು. ಗಣಿತದ ವಿದ್ಯಾರ್ಥಿಗಳಿಗೆ ಟೇಲರ್ ಶ್ರೇಣಿಯಿಂದ ಪರಿಚಿತರಾದವರು ಇವರೇ. ಈ ಪ್ರಯೋಗವನ್ನು ನೀವು ತರಗತಿಯಲ್ಲೇ ಮಾಡಬಹುದು. ಎರಡು ಗಾಜಿನ ಹಲಗೆಗಳನ್ನು ಒಂದು ಅಂಚಿನಲ್ಲಿ ಸೇರಿಸಿ, ಇನ್ನೊಂದು ಅಂಚಿನ ನಡುವೆ ಬೆಂಕಿಕಡ್ಡಿ ಇಟ್ಟು, ರಬ್ಬರ್ ಬ್ಯಾಂಡ್ ಹಾಕಿ ಬಣ್ಣದ ನೀರಿನಲ್ಲಿ ನೆಟ್ಟಗೆ ನಿಲ್ಲಿಸಿ. ಸಂದು ಕಿರಿದಾಗಿರುವ ಕಡೆ ನೀರು ಎತ್ತರಕ್ಕೆ ಏರಿ, ಅಗಲವಾದ ಕಡೆಗೆ ಇಳಿಯುತ್ತ ಒಂದು ಅಂದವಾದ ವಕ್ರರೇಖೆ ಮೂಡುತ್ತದೆ. ಅದು ಅತಿಪರವಲಯ. ಸಂದಿನ ಅಗಲ ಅರ್ಧವಾದರೆ ನೀರಿನ ಎತ್ತರ ಎರಡು ಪಟ್ಟು. 1718ರಲ್ಲಿ ಜೇಮ್ಸ್ ಜುರಿನ್ ನಳಿಕೆಗಳಿಗೆ ಇದೇ ನಿಯಮವನ್ನು ಹೇಳಿದ್ದರಿಂದ ಅದಕ್ಕೆ ಅವರ ಹೆಸರೇ ಉಳಿದಿದೆ.

ಇನ್ನು ಕಾರಿನ ಕಡೆ ನೋಡಿ. ಎರಡೂ ಬದಿ ಚೆನ್ನಾಗಿ ಒದ್ದೆಯಾಗುವಂತಿದ್ದರೆ ಅರ್ಧ ಮಿಲಿಮೀಟರ್ ಅಗಲದ ಸಂದು ಸುಮಾರು 3 ಸೆಂಟಿಮೀಟರ್ ಎತ್ತರದ ನೀರನ್ನು ಹಿಡಿದಿಡಬಲ್ಲದು. ಕನ್ನಡಿಯ ಕವಚ, ದೀಪದ ಅಂಚು, ಕಿಟಕಿಯ ರಬ್ಬರ್ ಪಟ್ಟಿ, ಕಂಪನಿಯ ಲಾಂಛನದ ಹಿಂಬದಿ ಇವೆಲ್ಲ ಇಂಥ ಸಂದುಗಳೇ. ಹೊರಮೈ ಒಣಗಿದರೂ ಒಳಗಿನ ನೀರು ಅಲ್ಲಾಡುವುದಿಲ್ಲ. ಬಾಗಿಲು ಬಡಿದಾಗ ಅಥವಾ ಕಾರು ಹೊರಟು ಕುಲುಕಿದಾಗ ಹಿಡಿತ ತಪ್ಪಿ ಹೊರಗೆ ಬರುತ್ತದೆ. ಬಟ್ಟೆ ನೀರು ಹೀರುವುದೂ ಇದೇ ನಿಯಮದಿಂದ. ನೂಲಿನ ಎಳೆಗಳ ನಡುವಿನ ಸಂದು ಕಾರಿನ ಸಂದಿಗಿಂತ ಕಿರಿದಾಗಿರುವುದರಿಂದ ಸ್ಪರ್ಧೆಯಲ್ಲಿ ಬಟ್ಟೆಯೇ ಗೆಲ್ಲುತ್ತದೆ. 1970ರಲ್ಲಿ ಜಪಾನಿನ ಟೋರೇ ಕಂಪನಿಯ ಮಿಯೋಶಿ ಒಕಮೋಟೊ ಅತಿಸೂಕ್ಷ್ಮ ನಾರುಗಳನ್ನು ತಯಾರಿಸಿದ ಮೇಲೆ ಬಟ್ಟೆಯ ಈ ಬಲ ಇನ್ನಷ್ಟು ಹೆಚ್ಚಿತು. ಆದರೆ ಬಟ್ಟೆ ನೀರನ್ನು ಮುಟ್ಟಬೇಕಷ್ಟೇ! ಕನ್ನಡಿಯ ಕವಚದೊಳಗೆ ಅದು ತಲುಪುವುದಿಲ್ಲ. ಬಟ್ಟೆಯ ಮೂಲೆಯನ್ನು ಸಂದಿನ ಬಾಯಿಗೆ ಸ್ವಲ್ಪ ಹೊತ್ತು ಒತ್ತಿ ಹಿಡಿಯುವುದು, ಇಲ್ಲವೇ ಗಾಳಿ ಊದುವುದು, ಇವೆರಡೇ ದಾರಿ.

ಸಂದಿನ ಮಾತಾಯಿತು. ಬಯಲಾಗಿರುವ ಬಾಗಿಲ ಮೈಮೇಲೆ ಹನಿ ನಿಲ್ಲುವುದು ಹೇಗೆ? 1805ರಲ್ಲಿ ಥಾಮಸ್ ಯಂಗ್, ವೃತ್ತಿಯಿಂದ ವೈದ್ಯರು, ಒಂದು ಘನವಸ್ತುವನ್ನು ಒಂದು ದ್ರವ ಸಂಧಿಸುವ ಕೋನ ನಿಶ್ಚಿತವಾದದ್ದು ಎಂದರು. ಇದೇ ಸಂಪರ್ಕ ಕೋನ. ಅವರ ಪ್ರಬಂಧದಲ್ಲಿ ಒಂದು ಸಮೀಕರಣವೂ ಇರಲಿಲ್ಲ, ಎಲ್ಲವನ್ನೂ ಮಾತಿನಲ್ಲೇ ಹೇಳಿದ್ದರು. ಮರುವರ್ಷ ಲಾಪ್ಲಾಸ್ ಗಣಿತವನ್ನು ಒದಗಿಸಿದರು. ಆದರೆ ಯಂಗ್ ಹೇಳಿದಂತೆ ಕೋನ ಒಂದೇ ಆಗಿದ್ದರೆ ಇಳಿಜಾರಿನ ಮೇಲೆ ಯಾವ ಹನಿಯೂ ನಿಲ್ಲಬಾರದು! ಮಳೆಹನಿ ಬಿದ್ದ ಗಾಜನ್ನು ಬದಿಯಿಂದ ನೋಡಿ. ಹನಿಯ ಕೆಳ ಅಂಚು ಉಬ್ಬಿರುತ್ತದೆ, ಮೇಲಿನ ಅಂಚು ಚಪ್ಪಟೆಯಾಗಿರುತ್ತದೆ. ಒಂದೇ ಹನಿಗೆ ಎರಡು ಕೋನ. ಮೇಲ್ಮೈಯ ಒರಟು, ಕೊಳೆ, ಸೂಕ್ಷ್ಮ ಗೀರುಗಳಿಗೆ ಹನಿಯ ಅಂಚು ಸಿಕ್ಕಿಕೊಳ್ಳುವುದೇ ಇದಕ್ಕೆ ಕಾರಣ.

ಈ ಸಂಗತಿಗೆ ಬೇಕಾದ ಲೆಕ್ಕವನ್ನು ಒದಗಿಸಿದ್ದು ಕೃಷಿ ಎಂದರೆ ನಿಮಗೆ ಆಶ್ಚರ್ಯವಾದೀತು. ಬಂಟ್ವಾಳದ ಅಡಿಕೆ ಬೆಳೆಗಾರರಿಗೆ ಆಗಬೇಕಾಗಿಲ್ಲ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಈ ಜಿಲ್ಲೆಯಲ್ಲಿ ಅಡಿಕೆಯ ಕೊಳೆರೋಗ, ಇಲ್ಲಿಯವರ ಮಾತಿನಲ್ಲಿ ಮಹಾಳಿ, ಹಬ್ಬುವುದು ಗೊನೆಯ ಮೇಲೆ ನೀರು ನಿಂತಾಗಲೇ. ರೋಗಾಣುವಿನ ಬೀಜಕಗಳು ಆ ನೀರಿನಲ್ಲಿ ಈಜುತ್ತವೆ. ಮಲೆನಾಡಿನಲ್ಲಿ ಗೊನೆಗೆ ಕೊಟ್ಟೆ ಕಟ್ಟುತ್ತಿದ್ದುದು ಅದನ್ನು ಒಣಗಿರಿಸಲೆಂದೇ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಈ ರೋಗವನ್ನು ಅಧ್ಯಯನ ಮಾಡಿ 1910ರಲ್ಲಿ ವರದಿ ಪ್ರಕಟಿಸಿದರು. ಫ್ರಾನ್ಸಿನ ಮಿಲಾರ್ಡೆ 1885ರಲ್ಲಿ ದ್ರಾಕ್ಷಿಗೆ ಸೂಚಿಸಿದ್ದ ಮೈಲುತುತ್ತು-ಸುಣ್ಣದ ಬೋರ್ಡೋ ದ್ರಾವಣ ಅಡಿಕೆ ತೋಟಕ್ಕೆ ಬಂತು. ಜಾರುವ ಕಾಯಿಯ ಮೇಲೆ ದ್ರಾವಣ ನಿಲ್ಲಬೇಕಲ್ಲ? ಅದಕ್ಕೆ ರಾಳ ಬೆರೆಸುವ ರೂಢಿಯೂ ಬಂತು. ಕಾರಿನವರಿಗೆ ಹನಿ ಹೋಗಬೇಕು, ತೋಟದವರಿಗೆ ಹನಿ ನಿಲ್ಲಬೇಕು. ಬಂಟ್ವಾಳ ತಾಲೂಕಿನದೇ ಆದ ವಿಟ್ಲದಲ್ಲಿ 1956ರಿಂದ ಅಡಿಕೆ ಸಂಶೋಧನಾ ಕೇಂದ್ರವಿದೆ.

ಎಲೆಗಳ ಮೇಲೆ ಸಿಂಪಡಣೆ ನಿಲ್ಲುವುದನ್ನು ವಿವರಿಸಲು ಫರ್ಮಿಜ್ ಎಂಬ ವಿಜ್ಞಾನಿ 1962ರಲ್ಲಿ ಒಂದು ಸೂತ್ರ ಕೊಟ್ಟರು. ಮೇಲ್ಮೈ ಎಳೆತ, ಹನಿಯ ಅಗಲ, ಎರಡು ಕೋನಗಳ ಕೊಸೈನುಗಳ ವ್ಯತ್ಯಾಸ, ಈ ಮೂರರ ಗುಣಲಬ್ಧವೇ ಹನಿಯನ್ನು ತಡೆದಿಡುವ ಬಲ. ನೀರಿನ ಮೇಲ್ಮೈ ಎಳೆತ ಮೀಟರಿಗೆ 0.072 ನ್ಯೂಟನ್. ಕೋನಗಳು 90 ಮತ್ತು 60 ಡಿಗ್ರಿ ಎಂದಿಟ್ಟುಕೊಳ್ಳಿ. ಆಗ ಕೊಸೈನುಗಳ ವ್ಯತ್ಯಾಸ 0.5. ನೆಟ್ಟಗಿನ ಬಾಗಿಲ ಮೇಲೆ 3 ಮಿಲಿಮೀಟರ್ ಅಗಲದ ಅರ್ಧಗೋಳದಂಥ ಹನಿಯ ರಾಶಿ ಸುಮಾರು 7 ಮಿಲಿಗ್ರಾಂ. ತಡೆಯುವ ಬಲ 11 ಮಿಲಿಗ್ರಾಂ ಹೊರಬಲ್ಲದು. ಹನಿ ನಿಲ್ಲುತ್ತದೆ. ಅಗಲ 5 ಮಿಲಿಮೀಟರ್ ಆದರೆ ರಾಶಿ 33 ಮಿಲಿಗ್ರಾಂ, ಹೊರಬಲ್ಲದ್ದು 18 ಮಾತ್ರ. ಹನಿ ಜಾರುತ್ತದೆ. ಬಲ ಅಗಲದಂತೆ ಬೆಳೆದರೆ ತೂಕ ಅಗಲದ ಘನದಂತೆ ಬೆಳೆಯುತ್ತದೆ. ಒರೆಸದೆ ಬಿಟ್ಟ ಕಾರಿನ ಮೇಲೆ ಸಣ್ಣ ಹನಿಗಳೇ ಉಳಿಯುವುದೇಕೆಂದು ಈಗ ತಿಳಿಯಿತಲ್ಲವೇ? ಅವು ಒಣಗಿ ಬಿಳಿಯ ಉಂಗುರಗಳಾಗುತ್ತವೆ. ಚೆಲ್ಲಿದ ಕಾಫಿಯ ಕಲೆಯ ಅಂಚು ಗಾಢವಾಗಿರುವುದೂ ಇದೇ ರೀತಿ. ಅಂಚು ಕದಲದೆ ನಿಂತು ಬೇಗ ಆವಿಯಾಗುವುದರಿಂದ ನಡುವಿನ ದ್ರವ ಕಣಗಳನ್ನು ಹೊತ್ತು ಅಂಚಿಗೆ ಹರಿಯುತ್ತದೆ ಎಂಬುದನ್ನು ಷಿಕಾಗೊ ವಿಶ್ವವಿದ್ಯಾಲಯದ ರಾಬರ್ಟ್ ಡೀಗನ್ ಮತ್ತು ಸಂಗಡಿಗರು ವಿವರಿಸಿದ್ದು 1997ರಲ್ಲಿ.

ಕಲೆ ಉಜ್ಜಿದರೆ ಹೋಗುತ್ತದೆ. ತುಕ್ಕು ಹಾಗಲ್ಲ. 1920ರ ದಶಕದಲ್ಲಿ ಕೇಂಬ್ರಿಜ್‌ನ ಯೂಲಿಕ್ ಇವಾನ್ಸ್ ಕಬ್ಬಿಣದ ಮೇಲೆ ಒಂದೇ ಒಂದು ಉಪ್ಪುನೀರಿನ ಹನಿಯಿಟ್ಟು ಪರೀಕ್ಷಿಸಿದರು. ಉಜ್ಜಿ ಹೊಳಪಿಸಿದ ಕಬ್ಬಿಣದ ತಗಡು, ಉಪ್ಪುನೀರು, ಅದರಲ್ಲಿ ಸ್ವಲ್ಪ ಫಿನಾಲ್ಫ್ತಲೀನ್ ಮತ್ತು ಪೊಟ್ಯಾಸಿಯಂ ಫೆರಿಸಯನೈಡ್ ಇದ್ದರೆ ನೀವೂ ನೋಡಬಹುದು (ಫೆರಿಸಯನೈಡನ್ನು ಆಮ್ಲದೊಂದಿಗೆ ಸೇರಿಸಬಾರದು). ಸ್ವಲ್ಪ ಹೊತ್ತಿನಲ್ಲಿ ಹನಿಯ ಅಂಚು ಗುಲಾಬಿ, ನಡುಭಾಗ ನೀಲಿಯಾಗುತ್ತದೆ. ಗಾಳಿಯ ಆಕ್ಸಿಜನ್ ಸುಲಭವಾಗಿ ತಲುಪುವ ಅಂಚು ಕ್ಯಾಥೋಡ್, ಆಕ್ಸಿಜನ್ ಕೊರತೆಯಿರುವ ನಡುಭಾಗ ಆನೋಡ್. ಕಬ್ಬಿಣ ಕರಗುವುದು ನಡುವಿನಲ್ಲಿ, ತುಕ್ಕು ಕೂರುವುದು ಎರಡರ ನಡುವಣ ವಲಯದಲ್ಲಿ.

ಸಂದಿನೊಳಗೆ ನಿಂತ ನೀರಿಗೂ ಇದೇ ಲೆಕ್ಕ. ಅದರ ಬಾಯಿಗೆ ಆಕ್ಸಿಜನ್ ಸಿಗುತ್ತದೆ, ಆಳಕ್ಕೆ ಸಿಗುವುದಿಲ್ಲ. ಕಣ್ಣಿಗೆ ಕಾಣದ ಆಳದಲ್ಲೇ ಲೋಹ ತಿನ್ನಲ್ಪಡುತ್ತದೆ. ಇಂದಿನ ಕಾರುಗಳ ತಗಡಿಗೆ ಸತುವಿನ ಲೇಪ, ಅದರ ಮೇಲೆ ಬಣ್ಣ ಇರುವುದು ನಿಜ. ಆದರೆ ಗೀರು ಬಿದ್ದಲ್ಲಿ, ತಗಡು ಮಡಿಸಿದ ಅಂಚಿನಲ್ಲಿ ಆ ರಕ್ಷಣೆ ದುರ್ಬಲ. ಕಡಲ ಹತ್ತಿರ ಓಡಾಡುವ ಗಾಡಿಗೆ ಉಪ್ಪಿನಂಶವೂ ಸೇರಿಕೊಳ್ಳುತ್ತದೆ. ಬಾಗಿಲನ್ನು ತೆರೆದು ಅದರ ತಳದ ಅಂಚನ್ನು ಬೆರಳಿನಿಂದ ತಡವಿ ನೋಡಿ. ಕಿಟಕಿಯ ಗಾಜಿನ ಮೂಲಕ ಒಳಗೆ ಇಳಿದ ನೀರು ಹೋಗಲೆಂದು ಅಲ್ಲಿ ಎರಡು ಮೂರು ಸಣ್ಣ ಕಿಂಡಿಗಳಿರುತ್ತವೆ. ನಮ್ಮ ಕೆಂಪು ಕೆಸರು ಅವನ್ನು ಮುಚ್ಚಿಬಿಟ್ಟಿದ್ದರೆ ಒಂದು ಮರದ ಕಡ್ಡಿಯಿಂದ ಬಿಡಿಸಬಹುದು. ಮೊಳೆಯಿಂದ ಬೇಡ, ಬಣ್ಣ ಕಿತ್ತುಹೋಗುತ್ತದೆ.